ತೊಟ್ಟಿ ಮನೆ ನವೀಕರಣ: ಗೋಡೆ ಮುಗಿಯಿತು, ನೆಲ ನಡೆಯುತ್ತಿದೆ

ಮಲೆನಾಡಿನ ಮಣ್ಣಿನ ಗೋಡೆಯ ತೊಟ್ಟಿ ಮನೆಗೆ ಹೊಸ ಅಡುಗೆಮನೆ, ಒಳಗಿನಿಂದಲೇ ಹೋಗಬಹುದಾದ ಬಚ್ಚಲು, ಭದ್ರವಾದ ವೈರಿಂಗ್ ಬರಬೇಕು. ಜಗಲಿ, ನಡುಮನೆ, ಮರದ ಕಂಬಗಳು ಇದ್ದ ಹಾಗೇ ಉಳಿಯಬೇಕು. ಹಳೆಯದಕ್ಕೆ ಹೊಸದನ್ನು ಸೇರಿಸುವಾಗ ಬಣ್ಣ, ಆಕಾರ ಹೊಂದಿಸುವ ಮಾತು ಆಮೇಲೆ. ಮೊದಲು ನೀರಿನ ಲೆಕ್ಕ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಂಡು ಮೈಯಿಂದ ಆರಿಸಿಕೊಳ್ಳುತ್ತದೆ. ಆ ದಾರಿಗೆ ಅಡ್ಡ ಬಂದದ್ದು ಎಷ್ಟೇ ಗಟ್ಟಿಯಾಗಿರಲಿ, ಗೋಡೆಯನ್ನು ಕೆಡಿಸುತ್ತದೆ.

ಅದಕ್ಕೆ ಸಾಕ್ಷಿ ಇದೇ ಮನೆಯಲ್ಲಿತ್ತು. ಹಿಂದೆ ಯಾವಾಗಲೋ ಗೋಡೆಯ ಬುಡಕ್ಕೆ 3 ಅಡಿ ಎತ್ತರದವರೆಗೆ ಸಿಮೆಂಟ್ ಗಿಲಾವು ಮಾಡಿದ್ದರು. ಹೊರಗೆ ಗಟ್ಟಿ, ಒಳಗೆ ಮಣ್ಣು ಹಿಟ್ಟಿನಂತೆ ಉದುರುತ್ತಿತ್ತು. ಸಿಮೆಂಟಿನ ಹಿಂದೆ ಸಿಕ್ಕಿಬಿದ್ದ ತೇವ ಅದರ ಅಂಚಿನ ಮೇಲೆ ಹತ್ತಿ, ಅಲ್ಲಿ ಬಿಳಿ ಉಪ್ಪು ಉಬ್ಬಿತ್ತು. ಆ ಗಿಲಾವನ್ನು ಉಳಿ, ಸುತ್ತಿಗೆಯಲ್ಲೇ ಬಿಡಿಸಬೇಕು. ಡ್ರಿಲ್ ಯಂತ್ರ ಹಿಡಿದರೆ ಅದರ ಅದುರಿಗೆ ಸಿಮೆಂಟಿನ ಜೊತೆ ಗೋಡೆಯೂ ಕಳಚುತ್ತದೆ. ಬಿಡಿಸಿದ ಮೇಲೆ ಬೇಸಿಗೆಯಲ್ಲಿ ಒಂದೂವರೆ ತಿಂಗಳು ಗೋಡೆಯನ್ನು ಹಾಗೇ ಬಿಟ್ಟು, ಹೊರಬಂದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಹೊರ ಅಂಗಳದ ಮಣ್ಣೂ ವರ್ಷಗಳಿಂದ ಏರಿ ಪಂಚಾಂಗದ, ಅಂದರೆ ಗೋಡೆ ನಿಂತಿರುವ ಅಡಿಪಾಯದ, ಕಲ್ಲನ್ನು ಮುಚ್ಚಿತ್ತು. ಗೋಡೆಯುದ್ದಕ್ಕೂ 1 ಅಡಿ ಆಳ ತೆಗೆದು, ಜಲ್ಲಿ ತುಂಬಿ, ನೀರು ಇಳಿಜಾರಿನತ್ತ ಹೋಗುವಂತೆ ಮಾಡಿದ್ದಾಯಿತು. ಇದನ್ನು ಬಿಟ್ಟು ಒಳಗೆ ಏನು ಮಾಡಿದರೂ ಪ್ರಯೋಜನವಿಲ್ಲ.

ಗುಳಿ ಬಿದ್ದಲ್ಲಿ ಮಣ್ಣು, ಮರಳು, ಕತ್ತರಿಸಿದ ಭತ್ತದ ಹುಲ್ಲು ಕಲಸಿ ಒಂದು ವಾರ ಕೊಳೆಸಿದ ಕೆಸರು ತುಂಬಿದೆ. ಅದರ ಮೇಲೆ ಸುಣ್ಣ 1, ಮರಳು 3ರ ಗಾರೆ, ಒಂದು ಪದರಕ್ಕೆ 10 ಎಂ.ಎಂ. ಮೀರದಂತೆ. ಸುಟ್ಟ ಸುಣ್ಣವನ್ನು ಅರಳಿಸಿ, ಮೇಲೆ ನೀರು ನಿಲ್ಲಿಸಿ ಕನಿಷ್ಠ 15 ದಿನ ಇಟ್ಟು, ಸೋಸಿ ಬಳಸಬೇಕು. ಅರಳದೆ ಉಳಿದ ಹರಳು ಗೋಡೆ ಸೇರಿದರೆ ತಿಂಗಳು ಕಳೆದ ಮೇಲೆ ಅಲ್ಲೇ ಅರಳಿ, ಗಿಲಾವನ್ನು ನಾಣ್ಯದಗಲ ಸಿಡಿಸುತ್ತದೆ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ. ಆದ್ದರಿಂದ ದಿನಕ್ಕೆ ಎರಡು ಸಲ ನೀರು ಚಿಮುಕಿಸಿದರೆ ಸಾಕು. ಸಿಮೆಂಟಿಗೆ ಸುರಿದಂತೆ ಸುರಿಯಬಾರದು. ಜೂನ್ ಮಳೆ ಹಿಡಿಯುವ ಮೊದಲು ಒಂದು ತಿಂಗಳಾದರೂ ಬಿಡುವು ಸಿಗುವಂತೆ ಈ ಕೆಲಸ ಮುಗಿಯಬೇಕು.

ಈಗ ನಡುಮನೆಯ ಕೆಂಪು ನೆಲ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಕೆಲಸ ಇದೇ. ಹಳೆಯ ಸಗಣಿ ನೆಲವನ್ನು 6 ಇಂಚು ಅಗೆದು, ದಮ್ಮಸು ಹೊಡೆದು (ಮಣ್ಣನ್ನು ಕುಟ್ಟಿ ಗಟ್ಟಿ ಮಾಡಿ), ಇಟ್ಟಿಗೆ ಜಲ್ಲಿಯ ಸುಣ್ಣದ ಕಾಂಕ್ರೀಟನ್ನು 3 ಇಂಚಿಗೆ ಕೂರಿಸಿದೆ. ಇಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಸಿಮೆಂಟ್ ಕಾಂಕ್ರೀಟ್ ಹಾಕುವ ಸಲಹೆ ಸಾಮಾನ್ಯ. ಹಾಗೆ ಮಾಡಿದರೆ ಕೋಣೆಯಡಿಯ ತೇವವೆಲ್ಲ ಗೋಡೆಯ ಬುಡಕ್ಕೆ ಸರಿಯುತ್ತದೆ. ಅದಕ್ಕೇ ಗೋಡೆಯ ಸುತ್ತ 2 ಇಂಚು ಅಗಲದ ಸಂದಿ ಬಿಟ್ಟು ಒಣ ಮರಳು ತುಂಬಿದೆ.

ಮೇಲಿನ ಪದರದ ಕ್ರಮ: ಸಿಮೆಂಟ್ 1, ದಪ್ಪ ಮರಳು 3ರ ಗಾರೆ 20 ಎಂ.ಎಂ. ಅದು ಬೆರಳಿಗೆ ಅಂಟದಷ್ಟು ಬಿಗಿದು, ಇನ್ನೂ ಹಸಿಯಾಗಿರುವಾಗಲೇ ಬಣ್ಣದ ಪದರ, 3ರಿಂದ 4 ಎಂ.ಎಂ. ಮಾರನೆಯ ದಿನ ಹಾಕಿದರೆ ಹಿಡಿಯುವುದಿಲ್ಲ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. 10 ಕೆ.ಜಿ. ಸಿಮೆಂಟಿಗೆ 1 ಕೆ.ಜಿ. ರೆಡ್ ಆಕ್ಸೈಡ್, ಅದಕ್ಕಿಂತ ಹೆಚ್ಚಾದರೆ ಬಣ್ಣ ಕೈಗೆ ಹತ್ತುತ್ತದೆ, ಪದರವೂ ಬಲ ಕಳೆದುಕೊಳ್ಳುತ್ತದೆ. ಇಡೀ ಕೋಣೆಗೆ ಬೇಕಾದಷ್ಟನ್ನೂ ಒಣದಲ್ಲೇ ಒಟ್ಟಿಗೆ ಬೆರೆಸಿ ಜರಡಿ ಹಿಡಿಯಬೇಕು. ಎರಡು ಕಲಸಿನ ಬಣ್ಣ ಎಂದೂ ಒಂದಾಗದು. ಕಿಟಕಿ, ಬಾಗಿಲು ಮುಚ್ಚಿಯೇ ಕರಣೆ ಎಳೆಯಬೇಕು, ಗಾಳಿ ಬಡಿದರೆ ಕೂದಲೆಳೆಯ ಬಿರುಕು ಖಚಿತ. ಬೇಗ ಒಣಗಲೆಂದು ಮೇಲೆ ಒಣ ಸಿಮೆಂಟ್ ಉದುರಿಸುವ ಅಭ್ಯಾಸ ಕೆಲವು ಗಾರೆಯವರಲ್ಲಿದೆ; ಅದನ್ನು ಮೊದಲೇ ಬೇಡವೆನ್ನಿ, ಬಿರುಕಿನ ಜಾಲ ಹುಟ್ಟುವುದು ಅದರಿಂದಲೇ. 10 ಅಡಿ ಮೀರಿದ ಕೋಣೆಗೆ ನಡುವೆ ಹಿತ್ತಾಳೆ ಪಟ್ಟಿ, ಹೊಸಿಲಿನ ಕೆಳಗೆ ತಪ್ಪದೆ ಒಂದು.

ಮರುದಿನದಿಂದ ಗಾರೆಯ ಬದು ಕಟ್ಟಿ 7 ದಿನ ನೀರು ನಿಲ್ಲಿಸಬೇಕು. ಸುತ್ತಲಿನ ಸಂದಿ ಇಲ್ಲೂ ಉಪಕಾರಿ: ಬದು ಅದರ ಒಳಗೇ ನಿಲ್ಲುವುದರಿಂದ ಮಣ್ಣಿನ ಗೋಡೆಗೆ ನೀರು ತಾಗದು. ನೀರು ಬಸಿದ ಮೇಲೆ ಆ ಸಂದಿಯ ಮೇಲ್ಭಾಗದ ಮರಳು ತೆಗೆದು ಸುಣ್ಣದ ಗಾರೆ ತುಂಬುವುದು. ತೆಂಗಿನೆಣ್ಣೆ ಮೂರು ವಾರ ಕಳೆದು ನೆಲ ಪೂರ್ತಿ ಒಣಗಿದ ನಂತರ, ತೆಳುವಾಗಿ.

ಮಾಡಿನ (ಹೆಂಚಿನ ಚಾವಣಿಯ) ಕೆಲಸ ಮೊದಲೇ ಮುಗಿದಿದೆ. ಗೆದ್ದಲು ಹಿಡಿದ ಪಕಾಸುಗಳನ್ನು (ಹೆಂಚು ಹೊರುವ ಇಳಿಜಾರಿನ ಮರಗಳನ್ನು) ಬದಲಿಸಿ, ಹೊಸ ಮರಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿದಿದೆ. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕೈಗವಸು ಕಡ್ಡಾಯ. ನಡುಮನೆಯ ಕತ್ತಲಿಗೆ ನಾಲ್ಕು ಗಾಜಿನ ಹೆಂಚು ಸಾಕಾದವು. ತೊಟ್ಟಿಯ ಮೇಲೆ ಗಾಜು ಮುಚ್ಚುವ ಯೋಚನೆ ಕೈಬಿಟ್ಟಿದೆ: ಬಿಸಿಗಾಳಿ ಮೇಲೇರಿ ಹೋಗುವ ದಾರಿ ಅದೊಂದೇ. ಒಳಗಿಳಿಯುವ ಮಾಡು 60 ಚದರ ಮೀಟರ್; ಗಂಟೆಗೆ 50 ಎಂ.ಎಂ. ಮಳೆ ಹೊಡೆದರೆ 3,000 ಲೀಟರ್ ನೀರು. ಒಂದು 110 ಎಂ.ಎಂ. ಪೈಪು ಸಾಲುತ್ತದೆ, ಆದರೆ ಎಲೆ ಕಟ್ಟಿದ ದಿನಕ್ಕೆಂದು ಎರಡು ಹಾಕಿದೆ.

ವೈರಿಂಗಿಗೆ ಗೋಡೆ ಕೊರೆದಿಲ್ಲ. ಅಟ್ಟದ ಮೇಲೆ ಹಾಯ್ದು, ಕಂಬದ ಬದಿಯಲ್ಲಿ ಕಬ್ಬಿಣದ ಪೈಪಿನೊಳಗೆ ಕಾಣುವಂತೆಯೇ ಇಳಿಯುತ್ತದೆ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಎಂ.ಎಂ. ತಂತಿ, ಮುಖ್ಯ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು).

ಬಾಕಿ ಇರುವುದು ಬಚ್ಚಲು. ಹಳೆಯ ಗೋಡೆಗೆ ಅಂಟದಂತೆ 4 ಇಂಚು ಅಂತರ ಬಿಟ್ಟು, ಇಟ್ಟಿಗೆಯಲ್ಲಿ ಬೇರೆಯೇ ಕಟ್ಟಡ. ಅಂತರದ ಮೇಲೆ ತಗಡಿನ ಹೊದಿಕೆ. ಟೈಲ್ಸ್, ವಾಟರ್‌ಪ್ರೂಫಿಂಗ್ ಎಲ್ಲವೂ ಆ ಹೊಸ ಗೋಡೆಗಷ್ಟೇ. ನೆಲದ ಇಳಿಜಾರು 80ಕ್ಕೆ 1. ಅದರ ಪಾಯ ನೆಲದ ಕೆಂಪು ಒಣಗುವ ಮೂರು ವಾರದಲ್ಲೇ ಎದ್ದರೆ, ಒಳಗೆ ಓಡಾಟವೂ ತಪ್ಪುತ್ತದೆ.