ಖಾಲಿ ಸ್ಲೈಡು ಹೊಳೆದ ದಿನ

ಹಾವೇರಿ ಕಡೆ ನಮ್ಮ ಹೊಲದಲ್ಲಿ ಸಂಜೆ ಹದಿನೆಂಟು ಲದ್ದಿ ಹುಳ ಹಿಡಿದಿದ್ದೆ. ಮರುದಿನ ಧಾರವಾಡದ ಲ್ಯಾಬಿಗೆ ಬಂದು ಡಬ್ಬಿ ತೆಗೆದರೆ ಹನ್ನೊಂದೇ ಇದ್ದವು. ಒಂದನ್ನೊಂದು ತಿನ್ನೋ ಹುಳ ಅಂತ ಗೊತ್ತಿದ್ದೂ ಸುಮ್ನೆ ಒಂದೇ ಡಬ್ಬಿಗೆ ಹಾಕಿದ್ದೆ.

ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕಾಗಿ ನಾಲ್ಕು ಚುಕ್ಕೆ. 2018ರಲ್ಲಿ ರಾಜ್ಯಕ್ಕೆ ಬಂದದ್ದು ಗೋವಿನಜೋಳದ ಸುಳಿ ಬಿಟ್ಟು ಹೋಗಿಲ್ಲ. "ಎಣ್ಣಿ ಹೊಡದ್ರೂ ಕೆಲವು ಸಾಯವಲ್ವು ನೋಡವಾ, ಯಾಕಂತ ನೀನರ ಹೇಳು" ಅಂದಿದ್ದ ಅಪ್ಪ. ಎಣ್ಣೆ, ಅಂದರೆ ಕೀಟನಾಶಕ, ಸುಳಿಯೊಳಗೆ ಇಳಿಯದಿದ್ದರೂ ಹುಳ ಸಾಯೋದಿಲ್ಲ, ಅದು ಬೇರೆ ಮಾತು.

ಅಪ್ಪ ಹೊಡೆಯೋದು ಕ್ಲೋರಾಂಟ್ರಾನಿಲಿಪ್ರೋಲ್. ಅದು ಹುಳದ ಸ್ನಾಯುವಿನೊಳಗಿನ ರಯನೋಡಿನ್ ರಿಸೆಪ್ಟರ್ ಅನ್ನೋ ಬಾಗಿಲಿಗೆ ಅಂಟುತ್ತದೆ. ಬಾಗಿಲು ತೆರೆದೇ ಉಳಿಯುತ್ತದೆ, ಕ್ಯಾಲ್ಸಿಯಂ ಸೋರುತ್ತದೆ, ಹುಳ ತಿನ್ನೋದು ಬಿಟ್ಟು ಮುದುಡಿ ಬೀಳುತ್ತದೆ. ಆ ಬಾಗಿಲಲ್ಲಿ ಒಂದು ಅಮೈನೊ ಆಮ್ಲ ಬದಲಾದರೂ ಕೆಲವು ಹುಳಗಳಲ್ಲಿ ಔಷಧದ ಹಿಡಿತ ಸಡಿಲಾಗುತ್ತದೆ. ಅಂಟುವುದನ್ನು ಕಣ್ಣಾರೆ ನೋಡೋಣ ಅಂತ ಔಷಧದ ಅಣುವಿಗೆ ಹೊಳೆಯುವ ಬಣ್ಣ ಕಟ್ಟಿ ಪ್ರೋಬ್ ಮಾಡಿದ್ದೆವು. ಕೀಲಿಕೈಗೆ ಗೆಜ್ಜೆ ಕಟ್ಟಿದ ಹಾಗೆ ಈ ಕೆಲಸ. ಹಲ್ಲಿನ ಹತ್ತಿರ ಕಟ್ಟಿದರೆ ಬೀಗದೊಳಗೆ ಹೋಗೋದೇ ಇಲ್ಲ. ಹುಳದ ಚರ್ಮ ತಾನಾಗಿಯೇ ನೀಲಿ-ಹಸಿರಾಗಿ ಮಿನುಗುತ್ತದೆ ಅಂತ ನಾವು ಕೆಂಪು ಬಣ್ಣ ಆರಿಸಿದ್ದೆವು. ಜಾಣರು ನಾವು!

ಹುಳ ಸೀಳಿ, ಕರುಳು ತೆಗೆದು, ಸ್ನಾಯು ತೊಳೆದು, ಪ್ರೋಬ್ ಹಾಕಿ ಕತ್ತಲೆ ಕೋಣೆಯಲ್ಲಿ ಕೂತೆ. ಹೊರಗೆ ಜಿಟಿಜಿಟಿ ಮಳೆ. ಸೂಕ್ಷ್ಮದರ್ಶಕದಲ್ಲಿ ಕೆಂಪು ಕೆಂಡದಂತೆ ಹೊಳೀತು. ಗೆಳತಿಯನ್ನು ಕೂಗಿ ಕರೆದೆ. ಅವಳು ನೋಡಿ, "ಪ್ರೋಬ್ ಹಾಕದ ಸ್ಲೈಡ್ ಎಲ್ಲಿ?" ಅಂದಳು.

ಅದನ್ನಿಟ್ಟೆ. ಅದೂ ಅಷ್ಟೇ ಕೆಂಪು.

ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಕತ್ತರಿಯ ತುದಿ ನೋಡಿದೆ. ಹಸಿರು ಹತ್ತಿತ್ತು. ಕರುಳು ತೆಗೆಯುವಾಗ ಒಡೆದು, ಅರೆದ ಎಲೆ ಸ್ನಾಯುವಿಗೆ ಮೆತ್ತಿಕೊಂಡಿತ್ತು. ಎಲೆಯ ಹಸಿರಿಗೆ ನೀಲಿ ಬೆಳಕು ಬಿದ್ದರೆ ಅದು ಕೆಂಪಾಗಿ ಹೊಳೆಯುತ್ತದೆ, ಕಾಲೇಜಲ್ಲಿ ಓದಿದ್ದೇ. ನಾನು ನೋಡಿ ಕುಣಿದದ್ದು ರಿಸೆಪ್ಟರ್ ಅಲ್ಲ, ನಮ್ಮ ಹೊಲದ ಗೋವಿನಜೋಳ.

ಉಳಿದ ಹುಳಗಳನ್ನು ಚಹಾದ ಕಾಗದದ ಕಪ್ಪಿಗೆ ಒಂದೊಂದಾಗಿ ಹಾಕಿದೆ. ಎಲೆ ಬಂದ್. ಕಡ್ಲಿ ಹಿಟ್ಟಿನಲ್ಲಿ ಮಾಡಿದ ಆಹಾರ, ಎರಡು ದಿನ. ಮುಂದಿನ ಸಲ ಮೂರು ಸ್ಲೈಡ್: ಪ್ರೋಬ್ ಇಲ್ಲದ್ದು, ಪ್ರೋಬ್ ಇದ್ದದ್ದು, ಮೊದಲು ಬಣ್ಣ ಕಟ್ಟದ ಔಷಧ ಸುರಿದು ಜಾಗ ತುಂಬಿಸಿ ಆಮೇಲೆ ಪ್ರೋಬ್ ಹಾಕಿದ್ದು. ಮೂರನೆಯದು ಮಂಕಾದರೆ ಮಾತ್ರ ಕುಣಿಯೋದು ಅಂತ ಮಾತಾಯಿತು.

ರಾತ್ರಿ ಅಪ್ಪ ಫೋನ್ ಮಾಡಿದ.

"ಹುಳ ಸತ್ತವೇನವಾ?"

"ಇಲ್ಲಪ್ಪಾ, ಕಡ್ಲಿ ಹಿಟ್ಟು ತಿನ್ನಾಕತ್ತಾವು."

ಸ್ವಲ್ಪ ಹೊತ್ತು ಮಾತಿಲ್ಲ. "ನಾ ಇಲ್ಲಿ ಅವನ್ನ ಕೊಲ್ಲಾಕ ರೊಕ್ಕ ಸುರೀತೀನಿ, ನೀ ಅಲ್ಲಿ ಸಾಕಾಕ ಹತ್ತೀಯಲ್ಲ!"