ಮರದಲ್ಲಿ ಉಳಿದ ಕ್ಯೋಟೊ, ಮರಳಿ ಎದ್ದ ಟೋಕಿಯೊ

ವಿಜಯಪುರದಲ್ಲಿ ಹುಟ್ಟಿ ಬೆಳೆದ ನಮಗೆ ಪ್ರಾಚೀನ ಕಟ್ಟಡವೆಂದರೆ ಕಲ್ಲು ಮತ್ತು ಗಾರೆ. ಆದ್ದರಿಂದಲೇ ಕ್ಯೋಟೊ ನಗರದ ಕಿಯೊಮಿಜು ದೇವಾಲಯದ ಮುಂದೆ ನಾನು ಬಹಳ ಹೊತ್ತು ನಿಂತುಬಿಟ್ಟೆ. ಈಗಿರುವ ಅದರ ಮುಖ್ಯ ಮಂದಿರ ಕಟ್ಟಿದ್ದು 1633ರಲ್ಲಿ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಹಾ ನಮ್ಮೂರನ್ನು ಆಳುತ್ತಿದ್ದ ಕಾಲವದು. ಆದರೆ ಇಲ್ಲಿ ಗುಡ್ಡದ ಇಳಿಜಾರಿನಿಂದ ಸುಮಾರು 13 ಮೀಟರ್ ಎತ್ತರಕ್ಕೆ ಚಾಚಿಕೊಂಡಿರುವ ವಿಶಾಲ ಜಗುಲಿಯನ್ನು ಹೊತ್ತು ನಿಂತಿರುವುದು ಮರದ ಕಂಬಗಳು. ಕೆಳಗಿಳಿದು ಹತ್ತಿರದಿಂದ ನೋಡಿದರೆ, ಕಂಬಗಳಲ್ಲಿ ಕಂಡಿ ಕೊರೆದು ಅಡ್ಡತೊಲೆಗಳನ್ನು ಅವುಗಳ ಮೂಲಕ ಹಾಯಿಸಿ, ಬೆಣೆ ಬಡಿದು ಬಿಗಿಮಾಡಿರುವುದು ಕಾಣುತ್ತದೆ. ಮಳೆನೀರು ಇಳಿದು ಕೊಳೆಯದಿರಲೆಂದು ಹೊರಚಾಚಿದ ತೊಲೆಗಳ ತುದಿಗೆ ಪುಟ್ಟ ಮಾಡಿನಂಥ ಹಲಗೆಗಳನ್ನು ಹೊದಿಸಿದ್ದಾರೆ. ಬಡಿಗರ ಆ ಕಾಳಜಿಯನ್ನು ಕಂಡಾಗ ನನ್ನ ಮನಸ್ಸು ತುಂಬಿಬಂತು. ಮರದ ತೊಗಟೆಯನ್ನು ಪದರಪದರವಾಗಿ ಜೋಡಿಸಿದ ಚಾವಣಿಯನ್ನು ಮತ್ತೆ ಹೊಸದಾಗಿ ಹೊದಿಸಿದ ಕೆಲಸ ಮುಗಿದದ್ದು ಇತ್ತೀಚೆಗೆ, 2020ರಲ್ಲಿ.

ಹೀಗೆ ಬದಲಾಯಿಸುತ್ತ ಹೋದರೆ ಹಳೆಯದು ಉಳಿಯಿತೆಂದು ಹೇಳುವುದು ಹೇಗೆ ಎಂಬ ಪ್ರಶ್ನೆ ಪ್ರವಾಸದುದ್ದಕ್ಕೂ ನನ್ನ ಜೊತೆಗಿತ್ತು. ಚಿನ್ನದ ರೇಕು ಹೊದಿಸಿದ ಕಿಂಕಾಕು ಮಂದಿರ 1950ರಲ್ಲಿ ಬೆಂಕಿಗೆ ಆಹುತಿಯಾಗಿ, 1955ರಲ್ಲಿ ಅದೇ ಜಾಗದಲ್ಲಿ ಮತ್ತೆ ಎದ್ದಿತು. ಟೋಕಿಯೊದ ಅಸಾಕುಸಾದಲ್ಲಿರುವ ಸೆನ್ಸೊ ದೇವಾಲಯದ ಮುಖ್ಯ ಮಂದಿರವನ್ನು 1945ರ ಬಾಂಬ್ ದಾಳಿ ಸುಟ್ಟುಹಾಕಿತು. 1958ರಲ್ಲಿ ಅದನ್ನು ಕಾಂಕ್ರೀಟಿನಲ್ಲಿಯೇ ಕಟ್ಟಿದರು. ಆದರೂ ಧೂಪದ ಹೊಗೆಯನ್ನು ಮೈಗೆ ಸವರಿಕೊಂಡು ಕೈಮುಗಿಯುವ ಭಕ್ತರ ಶ್ರದ್ಧೆಗೆ ಅದರಿಂದ ಯಾವ ಕೊರತೆಯೂ ಆಗಿಲ್ಲ. ಕಟ್ಟಡದಷ್ಟೇ ಅಲ್ಲಿಯ ನಡಾವಳಿಯೂ ಪರಂಪರೆಯೆಂದು ನನಗೆ ಮನವರಿಕೆಯಾದದ್ದು ಅಲ್ಲಿಯೇ.

ಅದೇ ಅಸಾಕುಸಾದಿಂದ 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರ ಕಾಣುತ್ತದೆ. ಗೋಪುರಗಳಿಗೆ ಒಂದು ಸಂಜೆ ಸಾಕು. ಟೋಕಿಯೊದಿಂದ ಕ್ಯೋಟೊಗೆ ಹೋಗುವ ಶಿಂಕಾನ್ಸೆನ್ ರೈಲಿನಲ್ಲಿ ಮಾತ್ರ ಬಲಬದಿಯ ಕಿಟಕಿಯನ್ನೇ ಕೇಳಿ ಪಡೆಯಿರಿ; ಆಕಾಶ ತಿಳಿಯಾಗಿದ್ದರೆ ಫ್ಯೂಜಿ ಪರ್ವತ ಕಾಣುತ್ತದೆ. 1964ರಲ್ಲಿ ಆರಂಭವಾದ ಈ ಮಾರ್ಗದಲ್ಲಿ ಈಗ ವೇಗದ ಗಾಡಿಗಳು ಎರಡೂಕಾಲು ತಾಸಿನಷ್ಟರಲ್ಲಿ ಕ್ಯೋಟೊ ಮುಟ್ಟಿಸುತ್ತವೆ.

ಉಳಿದ ಸಮಯವನ್ನೆಲ್ಲ ಕ್ಯೋಟೊದ ಓಣಿಗಳಿಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. 2007ರಲ್ಲಿ ಆ ನಗರವು ಮಾಳಿಗೆಯ ಮೇಲಿನ ಜಾಹೀರಾತು ಫಲಕಗಳನ್ನೂ ಮಿನುಗುವ ದೀಪಗಳನ್ನೂ ನಿಷೇಧಿಸಿ, ನಗರದ ನಡುಭಾಗದ ಕಟ್ಟಡಗಳ ಗರಿಷ್ಠ ಎತ್ತರವನ್ನು 45 ಮೀಟರಿನಿಂದ 31ಕ್ಕೆ ಇಳಿಸಿತು. ನಮ್ಮೂರಿನ ಇಬ್ರಾಹಿಂ ರೋಜಾ ಮತ್ತು ಬಾರಾ ಕಮಾನಿನ ಸುತ್ತಲಿನ ಬೀದಿಗಳಿಗೂ ಇಂಥದೊಂದು ಕಟ್ಟುನಿಟ್ಟಿನ ನಿಯಮ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಕಿಯೊಮಿಜು ದೇವಾಲಯದ ಬಾಗಿಲು ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಅಷ್ಟು ಹೊತ್ತಿಗೆ ಹೋದರೆ ಅಂಗಡಿಗಳು ತೆರೆದು ಜನ ಸೇರುವ ಮೊದಲೇ ದೇವಾಲಯದ ಹತ್ತಿರದ ಸನ್ನೆನ್‌ಜಾಕಾ ಓಣಿಯ ಕಲ್ಲುಮೆಟ್ಟಿಲುಗಳನ್ನು ಇಳಿಯುತ್ತ, ಇಕ್ಕೆಲದ ಮರದ ಮನೆಗಳನ್ನು ಒಂದೊಂದಾಗಿ ನೋಡಬಹುದು.