ಯುಟಿಲಿಟಿ ಬಿಲ್ಡಿಂಗ್ ಎಂಬ ಹಳೆಯ ದೊಡ್ಡಣ್ಣ

ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗನ್ನು ಈಗ ಯಾರೂ ತಲೆಯೆತ್ತಿ ನೋಡುವುದಿಲ್ಲ. 25 ಮಹಡಿ, ನೂರು ಮೀಟರಿಗೂ ಮೀರಿದ ಎತ್ತರ. 1970ರ ದಶಕದಲ್ಲಿ, ಹೆಂಚಿನ ಮನೆಗಳೇ ಹೆಚ್ಚಿದ್ದ ಬೆಂಗಳೂರಿನಲ್ಲಿ ಅದು ಸಣ್ಣ ಸಂಗತಿಯೇ? ಊರಿನಿಂದ ಬಂದ ನೆಂಟರಿಗೆ ವಿಧಾನಸೌಧ, ಲಾಲ್‌ಬಾಗ್ ಆದಮೇಲೆ ಇದನ್ನೂ ತೋರಿಸಬೇಕಿತ್ತು. ನಮ್ಮ ಸೋದರಮಾವ ರಸ್ತೆಯಂಚಿನಲ್ಲಿ ನಿಂತು, ಬೆರಳೆತ್ತಿ ಮಹಡಿ ಎಣಿಸುತ್ತಿದ್ದರು. ಅರ್ಧದಲ್ಲಿ ಲೆಕ್ಕ ತಪ್ಪಿದರೆ ಮತ್ತೆ ಕೆಳಗಿನಿಂದ ಶುರು.

ಇಲ್ಲಿದ್ದ ಸಿಂಫನಿ ಚಿತ್ರಮಂದಿರಕ್ಕೆ ಮುಂದೆ ಶಂಕರ್‌ನಾಗ್ ಹೆಸರಿಟ್ಟರು. ಬೆಂಗಳೂರಿಗೆ ಮೆಟ್ರೊ ಬೇಕೆಂದು ಎಂಬತ್ತರ ದಶಕದಲ್ಲೇ ಕನಸು ಕಂಡವರು ಅವರು. 2011ರಲ್ಲಿ ಮೊದಲ ಮೆಟ್ರೊ ಇದೇ ರಸ್ತೆಗೆ ಬಂದು ನಿಂತಿತು. ಕಾಕತಾಳೀಯವೇ ಇರಬಹುದು, ಆದರೆ ನನಗೆ ಖುಷಿ.

ನೋಡಲು ಸುಂದರಿಯೇನಲ್ಲ, ಒಪ್ಪುತ್ತೇನೆ. ಆದರೂ ನಗರಪಾಲಿಕೆ ಕಟ್ಟಿಸಿದ ಕಟ್ಟಡ. ಕೆಳಗಿನ ಅಂಗಡಿಗಳಿಗೆ ಯಾರು ಬೇಕಾದರೂ ನುಗ್ಗಿ, ಏನೂ ಕೊಳ್ಳದೆ ಹೊರಬರಬಹುದಿತ್ತು. ಈಗಿನ ಗಾಜಿನ ಗೋಪುರಗಳ ಬಾಗಿಲಲ್ಲಿ ಮೊದಲು ಕೇಳುವುದೇ ‘ಯಾರನ್ನು ನೋಡಬೇಕು?’ ಎಂದು. ಕಟ್ಟಡವನ್ನೇ ನೋಡಲು ಬಂದೆ ಎಂದರೆ ನಂಬುವವರಿಲ್ಲ.